ಗುರ್ಬತ್ತಿನ ಪಿಯಾನೊ: ಟೆಡ್ಡಿ ವೆದರ್‌ಫರ್ಡ್‌ನ ನಲವತ್ತೊಂದು ವರ್ಷ

ಜಾಝ್ ಸಂಗೀತದ ಚರಿತ್ರೆಯ ಪುಸ್ತಕಗಳಲ್ಲಿ ಟೆಡ್ಡಿ ವೆದರ್‌ಫರ್ಡ್ ಎಂಬ ಹೆಸರು ಸಾಮಾನ್ಯವಾಗಿ ಒಂದೆರಡು ಸಾಲುಗಳಲ್ಲಿ ಬಂದು ಹೋಗುತ್ತದೆ. 1920ರ ದಶಕದ ಷಿಕಾಗೊದಲ್ಲಿ ಹೆಸರು ಮಾಡಿದ್ದ ಕರಿಯ ಪಿಯಾನೊ ವಾದಕ. ಮುಂದೆ ಮಹಾ ವಾದಕನೆನಿಸಿಕೊಂಡ ಅರ್ಲ್ ಹೈನ್ಸ್‌ನಿಗೆ ಮಾದರಿಯಾಗಿದ್ದವನು. ಆಮೇಲೆ ಪೂರ್ವ ದೇಶಗಳಿಗೆ ಹೋದ. 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ಸತ್ತ. ಇಷ್ಟೇ. 'ಪೂರ್ವಕ್ಕೆ ಹೋದ' ಎಂಬ ಎರಡು ಪದಗಳೊಳಗೆ ಒಬ್ಬ ಮನುಷ್ಯನ ಹತ್ತೊಂಬತ್ತು ವರ್ಷಗಳು ಮುಚ್ಚಿಹೋಗಿವೆ. ಬದುಕಿದ್ದೇ ನಲವತ್ತೊಂದು ವರ್ಷವಾದ್ದರಿಂದ, ವಯಸ್ಕನಾಗಿ ಅವನು ಬಾಳಿದ್ದೆಲ್ಲ ಬಹುಮಟ್ಟಿಗೆ ಆ ಎರಡು ಪದಗಳ ಒಳಗೇ. ಅವನು ಹೋದದ್ದು ಚರಿತ್ರೆಯ ಹೊರಕ್ಕೋ ಅಥವಾ ಇನ್ನೊಂದು ಚರಿತ್ರೆಯ ಒಳಕ್ಕೋ? ಈ ಪ್ರಶ್ನೆ ಜಾಝ್ ಕೇಳುವವರಿಗೆ ಮಾತ್ರ ಸೇರಿದ್ದಲ್ಲ. ಯಾರು ನಮ್ಮವರು, ಯಾವ ಕಲೆ ಈ ನೆಲದ್ದು ಎಂದು ದಿನವೂ ಲೆಕ್ಕ ಕೇಳಿಸಿಕೊಳ್ಳುವ ನಮಗೂ ಸೇರಿದ್ದು.

ಉರ್ದುವಿನಲ್ಲಿ 'ಗುರ್ಬತ್' ಎಂಬ ಮಾತಿದೆ. ಇವತ್ತು ಬೀದಿಯಲ್ಲಿ, ಮನೆಯಲ್ಲಿ ಅದರ ಅರ್ಥ ಬಡತನ. ಹಳೆಯ ಶಾಯರಿಯಲ್ಲಿ ಅದಕ್ಕೆ ವತನ್ ಬಿಟ್ಟವನ ಸ್ಥಿತಿ, ಪರದೇಶಿತನ ಎಂಬ ಅರ್ಥ. 'ಗರೀಬ್' ಎಂದರೂ ಮೂಲದಲ್ಲಿ ಹೊರಸ್ಥಳದವನು, ಗುರುತಿಲ್ಲದವನು ಎಂದೇ. ಊರು ಬಿಟ್ಟವನ ಬಡತನವೇ ನಿಜವಾದ ಬಡತನ ಎಂದು ಈ ಭಾಷೆ ಯಾವಾಗಲೋ ಕಂಡುಕೊಂಡಿದೆ. ವೆದರ್‌ಫರ್ಡ್ ಹಣಕ್ಕೆ ಬಡವನಾಗಿರಲಿಲ್ಲ. ಶಾಂಘೈ, ಮುಂಬಯಿ, ಕಲ್ಕತ್ತೆಗಳ ಅತಿ ದೊಡ್ಡ ಹೋಟೆಲುಗಳಲ್ಲಿ ನುಡಿಸಿದವನು. ಅವನನ್ನು ಕಾಡಿದ್ದು ಈ ಹಳೆಯ ಅರ್ಥದ ಗುರ್ಬತ್. ಬಿಟ್ಟುಹೋದ ದೇಶ ಅವನನ್ನು ಮರೆಯಿತು, ಬಂದು ಸೇರಿದ ದೇಶ ಅವನನ್ನು ತನ್ನ ಲೆಕ್ಕದಲ್ಲಿ ಬರೆದುಕೊಳ್ಳಲಿಲ್ಲ.

ಅವನು ಹುಟ್ಟಿದ್ದು 1903ರ ಅಕ್ಟೋಬರ್ 11ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ಪೊಕಹಾಂಟಾಸ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯ ಕಡಲ ದಂಡೆಯ ಮೇಲೆ ತಾಜ್ ಮಹಲ್ ಹೋಟೆಲು ಬಾಗಿಲು ತೆರೆಯಿತು. ಗಣಿಯೂರಿನ ಕರಿಯ ಹುಡುಗನಿಗೂ ಆ ಹೋಟೆಲಿಗೂ ಏನು ಸಂಬಂಧವೆಂದು ಆಗ ಯಾರೂ ಕೇಳುವಂತಿರಲಿಲ್ಲ. ಬಾಲ್ಯದ ಕೊನೆಯ ವರ್ಷಗಳನ್ನು ಅವನು ನ್ಯೂ ಆರ್ಲಿಯನ್ಸ್‌ನಲ್ಲಿ ಕಳೆದ. ಜಾಝ್ ಹುಟ್ಟಿದ ಆ ಊರಿನಲ್ಲೇ ಪಿಯಾನೊ ಕಲಿತ. ಆಮೇಲೆ ದಕ್ಷಿಣದ ಲಕ್ಷಾಂತರ ಕರಿಯರ ಹಾಗೆ ಉತ್ತರಕ್ಕೆ, ಷಿಕಾಗೊಕ್ಕೆ ಬಂದ.

ಆಗ ಸಿನೆಮಾ ಇನ್ನೂ ಮೂಕಿ. ಪರದೆಯ ಮುಂದೆ ಕೂತು ವಾದ್ಯಮೇಳ ನುಡಿಸಬೇಕು. ಷಿಕಾಗೊದ ಕರಿಯರ ಬಡಾವಣೆಯಲ್ಲಿದ್ದ ವೆಂಡೋಮ್ ಥಿಯೇಟರಿನಲ್ಲಿ ಅರ್ಸ್ಕಿನ್ ಟೇಟ್ ಎಂಬವನ ಮೇಳವಿತ್ತು. ಅದರಲ್ಲಿ ಟ್ರಂಪೆಟ್ ನುಡಿಸುತ್ತಿದ್ದವನು ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೊದ ಮುಂದೆ ವೆದರ್‌ಫರ್ಡ್. 1926ರ ಮೇ ತಿಂಗಳಲ್ಲಿ ಈ ಮೇಳ ಒಂದು ಗ್ರಾಮಫೋನ್ ತಟ್ಟೆಗಾಗಿ ಎರಡು ಹಾಡುಗಳನ್ನು ಮುದ್ರಿಸಿತು. 'ಸ್ಟ್ಯಾಟಿಕ್ ಸ್ಟ್ರಟ್' ಎಂಬ ಬದಿಯನ್ನು ಇವತ್ತು ಕೇಳಿದರೂ ಆಶ್ಚರ್ಯವಾಗುತ್ತದೆ. ಮೇಳ ಓಡುವ ವೇಗಕ್ಕೆ ಬೇರೆ ಯಾವ ವಾದಕನಾದರೂ ಬರೀ ತಾಳ ಹಿಡಿದು ಬಚಾವಾಗುತ್ತಿದ್ದ. ವೆದರ್‌ಫರ್ಡ್ ತನ್ನ ಸರದಿ ಬಂದಾಗ ಎರಡು ಕೈಗಳನ್ನೂ ಬೇರೆ ಬೇರೆ ಮನುಷ್ಯರ ಕೈಗಳೆಂಬಂತೆ ಬಿಡುತ್ತಾನೆ. ಎಡಗೈ ನೆಲವನ್ನು ಬಿಡುವುದಿಲ್ಲ, ಬಲಗೈ ನೆಲವನ್ನು ಮುಟ್ಟುವುದಿಲ್ಲ. ಆ ಹೊತ್ತಿನ ಷಿಕಾಗೊದಲ್ಲಿ ಎಲ್ಲರೂ ನೋಡುತ್ತಿದ್ದುದು ಇವನ ಕಡೆಗೇ ಎಂದು ಹೈನ್ಸ್ ಮುಂದೆ ನೆನೆದದ್ದು ಬರಿಯ ಸೌಜನ್ಯವಲ್ಲ ಎಂದು ಈ ತಟ್ಟೆ ಹೇಳುತ್ತದೆ.

ಅದೇ ವರ್ಷ ವೆದರ್‌ಫರ್ಡ್ ಜಾಕ್ ಕಾರ್ಟರ್ ಎಂಬ ವಾದಕನ ತಂಡದೊಂದಿಗೆ ಹಡಗು ಹತ್ತಿದ. ಅವನು ಬಿಟ್ಟುಹೋದ ಜಾಗಕ್ಕೆ ಹೈನ್ಸ್ ಬಂದ. ಎರಡು ವರ್ಷಗಳಲ್ಲಿ ಹೈನ್ಸ್ ಮತ್ತು ಆರ್ಮ್‌ಸ್ಟ್ರಾಂಗ್ ಕೂಡಿ ಮುದ್ರಿಸಿದ ತಟ್ಟೆಗಳು ಜಾಝ್‌ನ ಶಾಶ್ವತ ಆಸ್ತಿಯಾದವು. ಉಳಿದಿದ್ದರೆ ಆ ಕುರ್ಚಿ ಇವನದ್ದಾಗುತ್ತಿತ್ತೆಂದು ಚರಿತ್ರೆಕಾರರು ಮರುಗುತ್ತಾರೆ. ಈ ಮರುಕದಲ್ಲಿ ಒಂದು ತಪ್ಪು ಲೆಕ್ಕವಿದೆ ಎಂದು ನನಗನ್ನಿಸುತ್ತದೆ. ಕಲಾವಿದ ಇರಬೇಕಾದ ಜಾಗ ಒಂದೇ, ಅದು ಧ್ವನಿಮುದ್ರಣದ ಕಂಪನಿಗಳು ಇರುವ ಜಾಗ ಎಂಬುದು ಈ ಲೆಕ್ಕದ ತಳಹದಿ. ಕರಿಯರು ಬಸ್ಸಿನಲ್ಲಿ ಹಿಂದೆ ಕೂರಬೇಕಾದ, ತಾವೇ ನುಡಿಸುವ ಹೋಟೆಲಿನಲ್ಲಿ ತಾವೇ ಊಟ ಮಾಡಲಾಗದ ದೇಶವನ್ನು ಒಬ್ಬ ಕರಿಯ ಬಿಟ್ಟುಹೋದರೆ, ಅವನು ಕಳೆದುಕೊಂಡದ್ದನ್ನು ಮಾತ್ರ ಎಣಿಸುವುದು ಯಾವ ವಿಮರ್ಶೆ?

ಶಾಂಘೈ ಅವನಿಗೆ ಬಹುಕಾಲದ ನೆಲೆಯಾಯಿತು. 1933ರಲ್ಲಿ ಸೋವಿಯತ್ ರಷ್ಯಾದಿಂದ ಜಪಾನಿನ ಮೂಲಕ ಅಲ್ಲಿಗೆ ಬಂದ ಕರಿಯ ಕವಿ ಲಾಂಗ್‌ಸ್ಟನ್ ಹ್ಯೂಸ್‌ಗೆ ಅಲ್ಲಿನ ಆತಿಥ್ಯ ಸಿಕ್ಕಿದ್ದು ವೆದರ್‌ಫರ್ಡ್‌ನಿಂದ. ತನ್ನ ಆತ್ಮಕಥನದ ಎರಡನೆಯ ಸಂಪುಟದಲ್ಲಿ ಹ್ಯೂಸ್ ಅವನನ್ನು ಪ್ರೀತಿಯಿಂದ ನೆನೆಯುತ್ತಾನೆ. ಶಾಂಘೈಯ ವಿದೇಶಿಯರ ವಸಾಹತಿನಲ್ಲಿ ಬಿಳಿಯರ ಹೋಟೆಲುಗಳು, ಕ್ಲಬ್ಬುಗಳು ಚೀನೀಯರನ್ನು ಚೀನೀಯರ ಊರಿನಲ್ಲೇ ಹೊರಗಿಟ್ಟದ್ದನ್ನೂ ಅದೇ ಪುಟಗಳಲ್ಲಿ ಬರೆಯುತ್ತಾನೆ. ಅಂದರೆ ವರ್ಣಭೇದವನ್ನು ಬಿಟ್ಟು ಓಡಿದವನು ವರ್ಣಭೇದದ ಇನ್ನೊಂದು ಮನೆಗೇ ಬಂದಿದ್ದ. ವ್ಯತ್ಯಾಸವೆಂದರೆ, ಇಲ್ಲಿ ಹೊಸ್ತಿಲ ಹೊರಗೆ ನಿಂತವರು ಬೇರೆಯವರು. 1934ರಲ್ಲಿ ಅಮೆರಿಕಕ್ಕೆ ಹೋಗಿ, ಲಾಸ್ ಏಂಜಲಿಸ್‌ನಿಂದ ಬಕ್ ಕ್ಲೇಟನ್ ಎಂಬ ತರುಣ ಟ್ರಂಪೆಟ್ ವಾದಕನ ಇಡೀ ತಂಡವನ್ನೇ ಶಾಂಘೈಯ ಕ್ಯಾನಿಡ್ರೋಮ್ ನೃತ್ಯಶಾಲೆಗೆ ಕರೆತಂದವನು ವೆದರ್‌ಫರ್ಡ್. ಕ್ಲೇಟನ್ ಮರಳಿ ಹೋಗಿ ಕೌಂಟ್ ಬೇಸಿಯ ತಂಡದಲ್ಲಿ ಪ್ರಸಿದ್ಧನಾದ. ಕರೆತಂದವನು ಮರಳಲಿಲ್ಲ.

1930ರ ದಶಕದ ನಡುವಿನಿಂದ ಮುಂಬಯಿಯ ತಾಜ್‌ನಲ್ಲಿ ಕರಿಯ ಅಮೆರಿಕನ್ನರ ಜಾಝ್ ತಂಡಗಳು ನುಡಿಸತೊಡಗಿದವು. ಮೊದಲು ಲಿಯಾನ್ ಅಬ್ಬೆಯ ತಂಡ, ಆಮೇಲೆ ಟ್ರಂಪೆಟ್ ವಾದಕ ಕ್ರಿಕೆಟ್ ಸ್ಮಿತ್‌ನ ತಂಡ. ಸ್ಮಿತ್‌ನ ತಂಡದ ಪಿಯಾನೊಗೆ ವೆದರ್‌ಫರ್ಡ್ ಬಂದ, ಮುಂದೆ ತಾನೇ ನಾಯಕನಾದ. ಸುಮಾರು ಅದೇ ದಿನಗಳಲ್ಲಿ ಇನ್ನೊಬ್ಬ ವಲಸೆಗಾರ ಮುಂಬಯಿಗೆ ಬಂದಿದ್ದ: ಸಾದತ್ ಹಸನ್ ಮಂಟೊ. ಇಬ್ಬರೂ ಭೇಟಿಯಾದರೆಂದು ನಾನು ಕತೆ ಕಟ್ಟಲಾರೆ. ಆದರೆ ಮಂಟೊನ ಕತೆಗಳಲ್ಲಿ ಬರುವ ಆ ಮುಂಬಯಿಯ ಜನ, ಕಿರಿಸ್ತಾನರು, ಯಹೂದಿಗಳು, ಪಾರ್ಸಿಗಳು, ಆಂಗ್ಲೋ ಇಂಡಿಯನ್ನರು, ಸಿನೆಮಾದ ಆಸುಪಾಸಿನವರು, ಇದೇ ಸಂಗೀತದ ಸದ್ದಿನಲ್ಲಿ ಬದುಕಿದ್ದವರು. ಮಂಟೊ ನಲವತ್ತೆರಡಕ್ಕೆ ಲಾಹೋರಿನಲ್ಲಿ ತೀರಿಕೊಂಡ, ಮುಂಬಯಿಯನ್ನು ಹಂಬಲಿಸುತ್ತ. ಎರಡೂ ಮೊಟಕುಗೊಂಡ ಬದುಕುಗಳೇ. ಮಂಟೊನ ಪುಸ್ತಕ ಉಳಿಯಿತು, ಮರುಮುದ್ರಣಗೊಂಡಿತು. ರಾತ್ರಿ ನುಡಿಸಿದ ಪಿಯಾನೊ ಬೆಳಿಗ್ಗೆಗೆ ಉಳಿಯುವುದಿಲ್ಲ.

ಉಳಿದದ್ದರಲ್ಲಿ ಅತಿ ಮುಖ್ಯವಾದದ್ದು 1937ರಲ್ಲಿ ಪ್ಯಾರಿಸಿಗೆ ಹೋದಾಗ 'ಸ್ವಿಂಗ್' ಎಂಬ ಕಂಪನಿಗೆ ಅವನು ಒಬ್ಬನೇ ಕೂತು ನುಡಿಸಿದ ಕೆಲವು ತಟ್ಟೆಗಳು. ಮೇಳವಿಲ್ಲ, ಹಾಡುಗಾರರಿಲ್ಲ, ಕುಣಿಯುವವರಿಲ್ಲ. ಈ ಶೈಲಿಯಲ್ಲಿ ಎಡಗೈ ಕೆಳಗಿನ ಒಂದು ಮಂದ್ರಸ್ವರವನ್ನು ಒತ್ತಿ, ಹಾರಿ, ಮೇಲಿನ ಸ್ವರಗುಚ್ಛವನ್ನು ಹಿಡಿಯಬೇಕು. ನಮ್ಮ ಕಿವಿಗೆ ಹೇಳುವುದಾದರೆ ತಬಲಾದ ಕೆಲಸವನ್ನೂ ತಂಬೂರಿಯ ಕೆಲಸವನ್ನೂ ಒಂದೇ ಕೈ ಮಾಡಬೇಕು. ಬಲಗೈ ಹಾಡುತ್ತದೆ. ಆ ಮುದ್ರಣಗಳಲ್ಲಿ 'ವೆದರ್ ಬೀಟನ್ ಬ್ಲೂಸ್' ಎಂಬುದೊಂದಿದೆ. ಹೆಸರಿನಲ್ಲೇ ತನ್ನ ಹೆಸರಿನ ಮೇಲೆ ಶ್ಲೇಷೆ: ಮಳೆ ಗಾಳಿಗೆ ಬಡಿಸಿಕೊಂಡವನು. ಇದರಲ್ಲಿ ಅವನು ಆತುರಪಡುವುದಿಲ್ಲ. ಹತ್ತು ವರ್ಷಗಳ ಹಿಂದಿನ ಷಿಕಾಗೊದ ಹುಡುಗ ಕೇಳುಗನನ್ನು ಗೆಲ್ಲಬೇಕೆಂದು ನುಡಿಸುತ್ತಿದ್ದ. ಇವನು ತನಗಾಗಿ ನುಡಿಸುತ್ತಾನೆ. ಜಾಝ್‌ನ ಚರಿತ್ರೆ ಅಷ್ಟು ಹೊತ್ತಿಗೆ ಮುಂದೆ ಹೋಗಿತ್ತು, ಇವನ ಕೈಯಲ್ಲಿ ಇನ್ನೂ ಇಪ್ಪತ್ತರ ದಶಕದ ವಾಸನೆಯಿದೆ ಎಂದು ಹೇಳುವವರ ಮಾತು ಸುಳ್ಳಲ್ಲ. ಊರು ಬಿಟ್ಟವರ ಭಾಷೆ ಯಾವಾಗಲೂ ಹೀಗೆಯೇ. ಕೊಲ್ಲಿ ದೇಶಗಳಿಗೆ ಹೋದ ನಮ್ಮ ಕರಾವಳಿಯವರ ಬಾಯಲ್ಲಿ ಊರಿನವರೇ ಮರೆತ ಬ್ಯಾರಿ, ತುಳು, ಕನ್ನಡದ ಮಾತುಗಳು ಉಳಿದಿರುವುದಿಲ್ಲವೆ? ಹಿಂದುಳಿದದ್ದು ಎಂದು ತೋರುವುದು ಎಷ್ಟೋ ಸಲ ಜತನ ಮಾಡಿದ್ದು.

ಮುಂಬಯಿ, ಕೊಲಂಬೊಗಳನ್ನು ದಾಟಿ, ಯುದ್ಧದ ವರ್ಷಗಳಲ್ಲಿ ಅವನು ನೆಲೆಸಿದ್ದು ಕಲ್ಕತ್ತೆಯಲ್ಲಿ, ಚೌರಂಗಿಯ ಗ್ರಾಂಡ್ ಹೋಟೆಲಿನಲ್ಲಿ. ಅಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಹೆಣ್ಣುಮಗಳನ್ನು ಮದುವೆಯಾದ. ಕೊಲಂಬಿಯಾ ಕಂಪನಿಗೆ ಹಲವು ತಟ್ಟೆಗಳನ್ನು ಮುದ್ರಿಸಿದ. ಅವುಗಳ ಬಗ್ಗೆ ನಿರ್ದಾಕ್ಷಿಣ್ಯವಾಗಿ ಹೇಳುವುದಾದರೆ, ಹೆಚ್ಚಿನವು ಆಯಾ ವರ್ಷ ಅಮೆರಿಕದಲ್ಲಿ ಚಾಲ್ತಿಯಲ್ಲಿದ್ದ ಕುಣಿತದ ಹಾಡುಗಳು. ನಯವಾಗಿವೆ, ಸಿಹಿಯಾಗಿವೆ. ಪಿಯಾನೊ ಹಿಂದಕ್ಕೆ ಸರಿದಿದೆ. ಗಿರಾಕಿ ಕೇಳಿದ್ದನ್ನು ಬಡಿಸಿದ ಅಡುಗೆ ಅದು. ಪ್ಯಾರಿಸಿನ ತಟ್ಟೆಗಳನ್ನು ಕೇಳಿದವರಿಗೆ ಇಲ್ಲಿ ನಿರಾಶೆಯಾಗುವುದು ಸಹಜ. ಆದರೆ ಆ ತಟ್ಟೆಗಳಲ್ಲಿ ನುಡಿಸಿದವರು ಯಾರೆಂದು ನೋಡಿದರೆ ನಿರಾಶೆ ಇನ್ನೊಂದು ಬಗೆಯ ಗೌರವವಾಗುತ್ತದೆ. ಗೋವೆಯವರು, ಆಂಗ್ಲೋ ಇಂಡಿಯನ್ನರು, ಬರ್ಮಾದಿಂದ ಬಂದವರು, ನೇಪಾಳಿಗಳು. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಅರ್ಧ ಹೊರಗಿನವರೇ. ಅವರನ್ನೆಲ್ಲ ಒಂದೇ ಉಸಿರಿಗೆ, ಒಂದೇ ತಾಳಕ್ಕೆ ತಂದವನು ಅವನು. ನಮ್ಮ ಉಸ್ತಾದರ ಪರಂಪರೆಯಲ್ಲಿ ಒಬ್ಬನ ಹಿರಿಮೆಯನ್ನು ಅವನ ಶಾಗಿರ್ದರಿಂದಲೂ ಅಳೆಯುತ್ತೇವೆ. ಜಾಝ್‌ನ ಚರಿತ್ರೆಕಾರರ ಹತ್ತಿರ ಈ ಅಳತೆಗೋಲು ಇಲ್ಲ.

ಈಗ ಕಷ್ಟದ ಮಾತಿಗೆ ಬರಬೇಕು. 1943ರಲ್ಲಿ ಬಂಗಾಳದ ಹಳ್ಳಿಗಳಿಂದ ಹಸಿದವರು ಕಲ್ಕತ್ತೆಗೆ ನಡೆದು ಬಂದರು. ಗಂಜಿಯ ತಿಳಿ ಬೇಡುತ್ತ ಬೀದಿಗಳಲ್ಲೇ ಸತ್ತರು. ಆ ಬರಗಾಲದಲ್ಲಿ ಸತ್ತವರು ಮೂವತ್ತು ಲಕ್ಷದಷ್ಟು ಎಂಬುದು ಇವತ್ತು ಬಹುವಾಗಿ ಒಪ್ಪಿರುವ ಅಂದಾಜು. ತರುಣ ಕಲಾವಿದ ಝೈನುಲ್ ಆಬೆದಿನ್ ಸಾಮಾನು ಕಟ್ಟುವ ಅಗ್ಗದ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಆ ಎಲುಬಿನ ಗೂಡುಗಳನ್ನು ಬರೆದರು. ಆಗ ಗ್ರಾಂಡ್ ಹೋಟೆಲಿನ ಒಳಗೆ ಬ್ರಿಟಿಷ್, ಅಮೆರಿಕನ್ ಅಧಿಕಾರಿಗಳಿಗಾಗಿ ಪಿಯಾನೊ ನುಡಿಯುತ್ತಿತ್ತು. ಉರ್ದು ಓದಿದವರಿಗೆ ಇಲ್ಲಿ ಕೃಷ್ಣ ಚಂದರ್ ಬರೆದ 'ಅನ್ನದಾತಾ' ನೆನಪಾಗದೆ ಇರುವುದಿಲ್ಲ. ಅದರ ಮೂರು ಭಾಗಗಳಲ್ಲಿ ಮೊದಲನೆಯದು ಒಬ್ಬ ವಿದೇಶಿ ಕಾನ್ಸಲ್ ಬರೆಯುವ ಪತ್ರಗಳು. ಎರಡನೆಯದು ಹಸಿದವರಿಗಾಗಿ ಮರುಗುತ್ತಲೇ ಮೋಜಿನ ಸಂಜೆಗೆ ಜಾರುವ ಸುಖವಂತನದು. ಮೂರನೆಯದು ಸತ್ತವನ ದನಿ. ಆ ಸತ್ತವನು ಒಬ್ಬ ಸಿತಾರ್ ವಾದಕ. ಕೃಷ್ಣ ಚಂದರ್ ಸಂಗೀತಗಾರನನ್ನು ಬೀದಿಯ ಕಡೆಗೆ ನಿಲ್ಲಿಸಿದರು. ಹಾಗಾದರೆ ಬಾಗಿಲ ಒಳಗೆ ಕೂತ ಸಂಗೀತಗಾರ ಯಾರು?

ಅವನನ್ನು ಸುಖವಂತರ ಪಟ್ಟಿಗೆ ಸೇರಿಸಿಬಿಡುವುದು ಸುಲಭ. ಅದೇ ವರ್ಷಗಳಲ್ಲಿ ಅಮೆರಿಕದ ಸೈನ್ಯ ಅಸ್ಸಾಮಿನ ಲೇಡೊದಿಂದ ಬರ್ಮಾದ ಕಾಡುಗಳಲ್ಲಿ ರಸ್ತೆ ಕಡಿಸುತ್ತಿತ್ತು. ಕಡಿಯುತ್ತಿದ್ದ ಅಮೆರಿಕನ್ ಸೈನಿಕರಲ್ಲಿ ಹೆಚ್ಚಿನವರು ಕರಿಯರು. ಆ ಸೈನ್ಯದಲ್ಲಿ ಕರಿಯರ ದಳವೇ ಬೇರೆ, ಬಿಳಿಯರ ದಳವೇ ಬೇರೆ. ಈ ಭೇದವನ್ನು ಕೊನೆಗಾಣಿಸುವ ಆದೇಶ ಹೊರಟಿದ್ದು 1948ರಲ್ಲಿ. ಹದಿನೇಳು ವರ್ಷ ಹಿಂದೆ ತಾನು ಬಿಟ್ಟುಬಂದ ದೇಶ ಸಮವಸ್ತ್ರ ತೊಟ್ಟು, ತನ್ನ ಭೇದವನ್ನು ಹೊತ್ತು, ಕಲ್ಕತ್ತೆಯ ತನಕ ಅವನನ್ನು ಹಿಂಬಾಲಿಸಿ ಬಂದಿತ್ತು. ಅವನು ಆ ಸೈನ್ಯದ ಅಧಿಕಾರಿಗಳಿಗೇ ನುಡಿಸಬೇಕಿತ್ತು. ಹೋಟೆಲಿನ ಹೊಸ್ತಿಲಿನ ಮೇಲೆ ನಿಂತ ಮನುಷ್ಯ ಅವನು. ಒಳಗಿನವರಿಗೆ ಸೇವಕ, ಹೊರಗಿನವರಿಗೆ ಸಾಹೇಬ. ಇದರಿಂದ ಅವನ ಸಂಗೀತ ನಿರ್ದೋಷಿಯೆಂದು ಬಿಡುಗಡೆಯಾಗುವುದಿಲ್ಲ. ಬರಗಾಲದ ನೆರಳು ಆ ಸಿಹಿ ತಟ್ಟೆಗಳ ಮೇಲೆ ಬಿದ್ದೇ ಇದೆ, ಅದನ್ನು ಒರೆಸಿ ಕೇಳಲು ಬರುವುದಿಲ್ಲ. ಈಚಿನ ವರ್ಷಗಳಲ್ಲಿ ಹಳೆಯ ಹೋಟೆಲುಗಳ ಜಾಝ್ ಕಾಲವನ್ನು ಕುರಿತು ಹುಟ್ಟಿರುವ ಹಂಬಲದಲ್ಲಿ, ಮದ್ಯದ ಲೋಟ, ಉದ್ದ ಗೌನು, ಮಿರುಗುವ ನೆಲದ ಚಿತ್ರಗಳಲ್ಲಿ, ಈ ನೆರಳೇ ಕಾಣಿಸುವುದಿಲ್ಲ. ನರೇಶ್ ಫೆರ್ನಾಂಡಿಸ್ ಅವರ 'ತಾಜ್ ಮಹಲ್ ಫಾಕ್ಸ್‌ಟ್ರಾಟ್' (2012) ವೆದರ್‌ಫರ್ಡ್ ಮತ್ತು ಅವನ ಸಂಗಡಿಗರನ್ನು ಮರೆವಿನಿಂದ ಎತ್ತಿದ ಮಹತ್ವದ ಪುಸ್ತಕ. ಅದನ್ನು ಹಿಂಬಾಲಿಸಿದ ಹಂಬಲಕ್ಕೆ ಆ ಪುಸ್ತಕದ ಎಚ್ಚರವಿಲ್ಲ.

ಗ್ರಾಂಡ್ ಹೋಟೆಲಿಗೆ ಇನ್ನೊಂದು ಕತೆಯೂ ಇದೆ. 1930ರ ದಶಕದಲ್ಲಿ ಅಲ್ಲಿ ಸಾಂಕ್ರಾಮಿಕ ರೋಗ ಹಬ್ಬಿ, ತಂಗಿದ್ದವರು ಸತ್ತು, ಹೋಟೆಲು ಮುಚ್ಚಿತ್ತು. 1938ರಲ್ಲಿ ಮೋಹನ್ ಸಿಂಗ್ ಓಬೆರಾಯ್ ಅದನ್ನು ಗುತ್ತಿಗೆಗೆ ಹಿಡಿದು ಮತ್ತೆ ನಡೆಸಿದರು. ಗೋಡೆ ಎಷ್ಟು ದಪ್ಪವಿದ್ದರೂ ನೀರು ಒಂದೇ ಎಂಬುದನ್ನು ಆ ಊರು ಆಗಲೇ ಕಲಿಯಬೇಕಿತ್ತು. ಕಾಲರಾ ನೀರಿನಿಂದ ಬರುವ ರೋಗ, ಬರಗಾಲದ ಬೆನ್ನಿಗೆ ಬಂಗಾಳದಲ್ಲಿ ಲೆಕ್ಕವಿಲ್ಲದಷ್ಟು ಬಡವರನ್ನು ಕೊಂದ ರೋಗ. 1945ರ ಏಪ್ರಿಲ್ 25ರಂದು ಅದೇ ರೋಗ ವೆದರ್‌ಫರ್ಡ್‌ನನ್ನು ಕೊಂದಿತು. ಬದುಕಿದ್ದಾಗ ಹೊಸ್ತಿಲ ಮೇಲೆ ನಿಂತವನನ್ನು ಸಾವು ಬೀದಿಯವರ ಸಾಲಿಗೆ ಸೇರಿಸಿತು. ಯುರೋಪಿನಲ್ಲಿ ಯುದ್ಧ ಮುಗಿಯಲು ಇನ್ನು ಎರಡು ವಾರ ಇತ್ತು.

ಅವನ ಮುಂದಿನ ಪೀಳಿಗೆಯ ಕರಿಯ ವಾದಕರಲ್ಲಿ ಕೆಲವರು ಇನ್ನೊಂದು ಬಗೆಯಲ್ಲಿ ಪೂರ್ವಕ್ಕೆ ಮುಖ ತಿರುಗಿಸಿದರು. 1940ರ ದಶಕದಿಂದ ಯೂಸುಫ್ ಲತೀಫ್, ಅಹ್ಮದ್ ಜಮಾಲ್ ಮೊದಲಾದವರು ಇಸ್ಲಾಮನ್ನು ಒಪ್ಪಿ ಹೊಸ ಹೆಸರು ತೆಗೆದುಕೊಂಡರು. ಮನುಷ್ಯನಾಗಿ ಗೌರವ ಪಡೆಯಲು ವೆದರ್‌ಫರ್ಡ್‌ಗೆ ಹಡಗು ಬೇಕಾಯಿತು. ಇವರು ಇದ್ದಲ್ಲಿಯೇ ನಿಂತು ಇನ್ನೊಂದು ಬಿರಾದರಿಯನ್ನು ಕಂಡುಕೊಂಡರು. ಸಂಗೀತ ಸಲ್ಲುತ್ತದೋ ಇಲ್ಲವೋ ಎಂದು ನಮ್ಮಲ್ಲಿ ಮುಗಿಯದ ವಾದವಿದೆ. ಒಂದು ಇಡೀ ಜನಾಂಗ ತನ್ನ ಮಾನವನ್ನು ಸಂಗೀತದ ಮೂಲಕ ಉಳಿಸಿಕೊಂಡದ್ದನ್ನೂ ಆ ವಾದದ ಎರಡೂ ಕಡೆಯವರು ಗಮನಿಸಿದರೆ ಒಳ್ಳೆಯದು.

ಹೋಟೆಲಿನ ಪಿಯಾನೊ ಬೀದಿಗೆ ಬಂದದ್ದು ಹೇಗೆ? ಸ್ವಾತಂತ್ರ್ಯದ ನಂತರ ಬ್ರಿಟಿಷರು ಹೋದರು, ಹೋಟೆಲುಗಳ ಗಿರಾಕಿ ಕಡಿಮೆಯಾದರು. ಸ್ವರಲಿಪಿ ಬರೆಯಬಲ್ಲ, ಮೇಳ ಕೂಡಿಸಬಲ್ಲ ಗೋವೆಯ ವಾದಕರು ಮುಂಬಯಿಯ ಸಿನೆಮಾ ಸ್ಟುಡಿಯೊಗಳಿಗೆ ನಡೆದರು. 'ಭಾರತದ ಆರ್ಮ್‌ಸ್ಟ್ರಾಂಗ್' ಎನಿಸಿಕೊಂಡ ಚಿಕ್ ಚಾಕಲೇಟ್ 1951ರ 'ಅಲ್ಬೇಲಾ'ದಲ್ಲಿ ಸಿ. ರಾಮಚಂದ್ರರ ಜೊತೆ ಕೆಲಸ ಮಾಡಿದರು. ಆ ಕಾಲದ ಮುಂಬಯಿಯ ಜಾಝ್ ವಲಯದಲ್ಲೇ ಬೆಳೆದ ಫ್ರಾಂಕ್ ಫೆರ್ನಾಂಡ್ ಹಿಂದಿ ಸಿನೆಮಾ ಸಂಗೀತಕ್ಕೂ ದುಡಿದರು, ನಮ್ಮ ಕರಾವಳಿಯ ಕೊಂಕಣಿಗರು ಇಂದಿಗೂ ನೆನೆಯುವ 'ಆಮ್ಚೆಂ ನೊಶೀಬ್', 'ನಿರ್ಮೊಣ್' ಚಿತ್ರಗಳನ್ನೂ ತೆಗೆದರು. ರೇಡಿಯೊ ಸಿಲೋನಿನಲ್ಲಿ ಹಿಂದಿ ಹಾಡು ಕೇಳಿ ಕಾಲು ಕುಣಿಸಿದ ಹುಬ್ಬಳ್ಳಿಯ, ಶಿವಮೊಗ್ಗದ ಹುಡುಗನಿಗೆ ಆ ತಾಳ ಷಿಕಾಗೊದಿಂದ ಯಾವ ದಾರಿಯಲ್ಲಿ ಬಂತೆಂದು ಗೊತ್ತಿರಬೇಕಾಗಿರಲಿಲ್ಲ. ದಾರಿ ಮಾತ್ರ ಇತ್ತು.

ಅದರಲ್ಲಿ ಒಂದು ಎಳೆಯನ್ನು ಹಿಡಿದು ನಡೆಯಬಹುದು. ಕಲ್ಕತ್ತೆಯಲ್ಲಿ ವೆದರ್‌ಫರ್ಡ್‌ನ ತಂಡದಲ್ಲಿ ಟ್ರಂಪೆಟ್ ನುಡಿಸಿದವರಲ್ಲಿ ಪುಷ್ಕರ್ ಬಹದ್ದೂರ್ ಎಂಬ ನೇಪಾಳಿ ಮೂಲದವರೊಬ್ಬರು. ಜಾಝ್ ಲೋಕದಲ್ಲಿ ಜಾರ್ಜ್ ಬ್ಯಾಂಕ್ಸ್ ಎಂದು ಹೆಸರಾದರು. ಮಗನಿಗೆ ಲೂಯಿ ಎಂದು ಹೆಸರಿಟ್ಟರು, ಆರ್ಮ್‌ಸ್ಟ್ರಾಂಗ್‌ನ ನೆನಪಿಗೆ. ಆ ಮಗ ಲೂಯಿ ಬ್ಯಾಂಕ್ಸ್ ಮುಂದೆ ಭಾರತದ ಅಗ್ರಗಣ್ಯ ಜಾಝ್ ಪಿಯಾನೊ ವಾದಕರಾದರು. ಬೆಂಗಳೂರಿನ ಕರ್ನಾಟಕ ಸಂಗೀತದ ಗಾಯಕಿ ಆರ್.ಎ. ರಮಾಮಣಿ ಅವರ ಜೊತೆ ನುಡಿಸಿದರು. 1988ರಲ್ಲಿ ದೂರದರ್ಶನದಲ್ಲಿ ಬಂದ, ಕನ್ನಡದ ಸಾಲೂ ಇರುವ, ದೇಶದ ಹಲವು ಭಾಷೆಗಳು ಒಂದಾಗಿ ಹಾಡುವ ಆ 'ಮಿಲೇ ಸುರ್' ಗೀತೆಯ ವಾದ್ಯಸಂಯೋಜನೆಯಲ್ಲಿ ಅವರ ಕೈಯಿದೆ. ವರ್ಜೀನಿಯಾದ ಗಣಿಯೂರಿನಿಂದ ಹೊರಟ ಸ್ವರ, ಒಬ್ಬ ನೇಪಾಳಿಯ ತುಟಿಯನ್ನು ಹಾದು, ಭಾರತದ ಏಕತೆಯ ಗೀತೆಯ ಹತ್ತಿರಕ್ಕೆ ಬಂದು ನಿಂತಿದೆ. ಇದರಲ್ಲಿ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಗೆರೆ ಎಳೆಯಹೊರಟವನ ಕೈಯಲ್ಲಿ ಕೊನೆಗೆ ಗೆರೆ ಮಾತ್ರ ಉಳಿಯುತ್ತದೆ, ಹಾಡು ಉಳಿಯುವುದಿಲ್ಲ.

ವೆದರ್‌ಫರ್ಡ್ ಮಹಾ ಕಲಾವಿದನೇ? ಉಳಿದ ತಟ್ಟೆಗಳನ್ನು ಮಾತ್ರ ಮುಂದಿಟ್ಟುಕೊಂಡರೆ, ಮಹತ್ತಿನ ಹೊಸ್ತಿಲಲ್ಲಿ ನಿಂತವನು ಎನ್ನಬೇಕು. ಪ್ಯಾರಿಸಿನ ಕೆಲವು ನಿಮಿಷಗಳಲ್ಲಿ ಆ ಹೊಸ್ತಿಲನ್ನು ದಾಟಿದವನು ಎಂದೂ ಸೇರಿಸಬೇಕು. ಆದರೆ ಕಲೆಗೆ ಎರಡು ಬಗೆಯ ಉಳಿವು ಇದೆ. ಒಂದು ತಟ್ಟೆಯಲ್ಲಿ, ಪುಸ್ತಕದಲ್ಲಿ, ಹೆಸರಿನೊಂದಿಗೆ. ಇನ್ನೊಂದು ಇತರರ ಕೈಯಲ್ಲಿ, ಹೆಸರಿಲ್ಲದೆ. ಮೊದಲನೆಯದನ್ನು ಎಣಿಸಲು ನಮ್ಮ ವಿಮರ್ಶೆಗೆ ಚೆನ್ನಾಗಿ ಬರುತ್ತದೆ. ಎರಡನೆಯದನ್ನು ಎಣಿಸಲು ಕಲಿಯದಿದ್ದರೆ ವಲಸೆ ಬಂದವರು, ಬೀದಿಯವರು, ಮೇಳದ ಹಿಂದಿನ ಸಾಲಿನವರು ಎಂದಿಗೂ ಚರಿತ್ರೆಯೊಳಗೆ ಬರಲಾರರು. ಪರದೇಶಿಯ ಗುರ್ಬತ್ ನೀಗುವುದು ಅವನು ಊರಿಗೆ ಮರಳಿದಾಗಲೇ ಆಗಬೇಕೆಂದಿಲ್ಲ. ಅವನು ಬಿಟ್ಟುಹೋದದ್ದನ್ನು ನಮ್ಮದೆಂದು ನಾವು ಒಪ್ಪಿಕೊಂಡಾಗಲೂ ನೀಗುತ್ತದೆ.